ಊದಿದವರಾರೆಂಬ ಪ್ರಶ್ನೆ

ಹಳೆಯ ಧ್ವನಿಮುದ್ರಿಕೆಗಳಲ್ಲಿ ಸ್ಯಾಕ್ಸೊಫೋನ್ ನುಡಿಸಿದವರಾರೆಂಬ ಶೋಧನೆ ನಿಷ್ಪ್ರಯೋಜಕವೆಂದೂ, ಆ ವಾದ್ಯದ ನಾದ ಯಾರು ಊದಿದರೂ ಒಂದೇ ಎಂದೂ ಕಳೆದ ಸಂಚಿಕೆಯ ಲೇಖಕರು ವಿಧಿಸಿರುವ ತೀರ್ಪನ್ನು, ಕವಿತಾಳದಂಥ ಊರಿನಲ್ಲಿ ಕುಳಿತು ಕೇವಲ ಕಿವಿಯನ್ನೇ ನೆಚ್ಚಿ ಸಂಗೀತವನ್ನು ಆಸ್ವಾದಿಸುತ್ತ ಬಂದ ನಾನು ಒಪ್ಪಲಾರೆ.

2008ರ ‘ಕಿನ್ಸ್‌ಮೆನ್’ ಮುದ್ರಿಕೆಯನ್ನು ಅವರು ಒಮ್ಮೆ ಸಾವಧಾನವಾಗಿ ಕೇಳಲಿ. ಅದರಲ್ಲಿ ನಮ್ಮ ಕದ್ರಿ ಗೋಪಾಲನಾಥರೂ, ಕರ್ನಾಟಕ ಮೂಲದ ಅಮೆರಿಕನ್ ವಾದಕ ರುದ್ರೇಶ ಮಹಾಂತಪ್ಪನವರೂ ನುಡಿಸಿರುವುದು ಒಂದೇ ಜಾತಿಯ ವಾದ್ಯವನ್ನು, ಆಲ್ಟೊ ಸ್ಯಾಕ್ಸೊಫೋನನ್ನು. ಆದರೂ ನಾಗಸ್ವರ ವಿದ್ವಾಂಸರ ಮಗನಾದ ಗೋಪಾಲನಾಥರ ಸ್ವರವು ಗಮಕದಲ್ಲಿ ತೂಗಿ, ಜಾರಿ, ಮುಂದಿನ ಸ್ವರವನ್ನು ಅವಿಚ್ಛಿನ್ನವಾಗಿ ಸೇರುವಲ್ಲಿ, ಮಹಾಂತಪ್ಪನವರ ಸ್ವರವು ಜಾಝ್ ಸಂಪ್ರದಾಯದ ತೀಕ್ಷ್ಣತೆಯಿಂದ ನಾಲಗೆಯ ಪೆಟ್ಟಿಗೆ ಚಿಮ್ಮುವುದನ್ನು ಗುರುತಿಸಲು ಹೊದಿಕೆಯ ಬರಹವೇನೂ ಬೇಕಾಗಿಲ್ಲ.

ಅಮೆರಿಕದ ರಿದಂ ಅಂಡ್ ಬ್ಲೂಸ್ ತಟ್ಟೆಗಳ ಮೇಲೆ ಸಾಮಾನ್ಯವಾಗಿ ಗಾಯಕರ ಹೆಸರಷ್ಟೇ ಅಚ್ಚಾಗುತ್ತಿದ್ದ ಕಾಲದಲ್ಲಿ, 1958ರ ‘ಯಾಕೆಟಿ ಯಾಕ್’ ಗೀತೆಯ ನಡುವೆ ತೊದಲಿದಂತೆ ಸಿಡಿಯುವ ಆ ವಾದನ ಕಿಂಗ್ ಕರ್ಟಿಸನದೆಂದು ಇಂದು ನಿಸ್ಸಂದೇಹವಾಗಿ ಹೇಳಬಹುದಾದರೆ, ಅದು ಲೇಖಕರು ಹಳಿಯುವ ಶೋಧಕರ ಋಣವೇ ಸರಿ. ‘ಕಾಶ್ಮೀರ್ ಕಿ ಕಲಿ’ ಎಂಬ ಹಿಂದಿ ಚಿತ್ರದ (1964) ಹಾಡೊಂದನ್ನು ಗಾಯಕ ರಫಿಯ ಹೆಸರಿನಿಂದ ನೆನೆಯುವವರು ಅದರಲ್ಲಿ ಸ್ಯಾಕ್ಸೊಫೋನ್ ನುಡಿಸಿದ ಮನೋಹರಿ ಸಿಂಗರನ್ನು ಮರೆಯುವುದು ನ್ಯಾಯವೇ?

ಮದರಾಸಿನ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರಗೀತೆಗಳಿಗೆ ಉಸಿರು ತೆತ್ತ ವಾದಕರಲ್ಲಿ ಬದುಕಿರುವವರನ್ನು ಕೇಳಿ, ಯಾವ ಹಾಡಿನಲ್ಲಿ ಯಾರು ನುಡಿಸಿದರೆಂಬುದನ್ನು ಬರೆದಿಡುವ ಕಾರ್ಯವನ್ನು ಈ ಪತ್ರಿಕೆಯೇ ಕೈಗೊಳ್ಳಬೇಕೆಂದು ಸಂಪಾದಕರಲ್ಲಿ ನನ್ನ ವಿನಂತಿ.