ನೌಶೇರಾದ ಉಸ್ಮಾನರಿಗೆ ನಾವು ಕೊಟ್ಟ ಮರ್ಯಾದೆ

ದಿಲ್ಲಿಯಲ್ಲಿ ಜಾಮಿಯಾ ಮಿಲಿಯಾ ವಿದ್ಯಾಪೀಠಕ್ಕೆ ಸೇರಿದ ಒಂದು ಸ್ಮಶಾನವಿದೆ. ಬ್ರಿಗೇಡಿಯರ್ ಮಹಮ್ಮದ್ ಉಸ್ಮಾನರನ್ನು ಮಣ್ಣು ಮಾಡಿರುವುದು ಅಲ್ಲಿ. 2020ರ ಡಿಸೆಂಬರ್ ತಿಂಗಳ ಕೊನೆಯಲ್ಲಿ ಆ ಸಮಾಧಿಯ ಕಲ್ಲು ಒಡೆದುಹೋಗಿದೆಯೆಂಬ ಸುದ್ದಿ ಚಿತ್ರಸಮೇತ ಪತ್ರಿಕೆಗಳಲ್ಲಿ ಬಂದಿತು. ಆಮೇಲೆ ಹುಟ್ಟಿದ ಪ್ರಶ್ನೆ ಯಾವುದು? ಇದನ್ನು ನೋಡಿಕೊಳ್ಳಬೇಕಾದವರು ಯಾರು ಎಂಬುದು! ವಿದ್ಯಾಪೀಠದವರೋ, ಮನೆಯವರೋ, ಸರಕಾರವೋ ಎಂದು ಚರ್ಚೆ ನಡೆಯಿತು. ಕಡೆಗೆ ಸೈನ್ಯದವರೇ ಮುಂದೆ ಬಂದು ದುರಸ್ತಿ ಮಾಡಿಸಿದರು. ದೇಶಕ್ಕಾಗಿ ಸತ್ತವನ ಗೋರಿಗೆ ವಾರಸುದಾರರು ಯಾರೆಂದು ಎಪ್ಪತ್ತೆರಡು ವರ್ಷಗಳ ಮೇಲೆ ವಿಚಾರಿಸಬೇಕಾಯಿತೆಂದರೆ, ವರ್ಷವರ್ಷವೂ ಜುಲೈ 3ರಂದು ಆತನ ಪಟಕ್ಕೆ ಹಾರ ಹಾಕಿದವರು ಏನು ಮಾಡುತ್ತಿದ್ದರೆಂದು ನಾವು ಕೇಳಬೇಕಾಗುತ್ತದೆ.

ಉಸ್ಮಾನರು ಯಾರೆಂದು ನಮ್ಮ ಓದುಗರಲ್ಲಿ ಅನೇಕರಿಗೆ ತಿಳಿದಿರಲಾರದು. ಅದು ಅವರ ತಪ್ಪಲ್ಲ, ಹೇಳಬೇಕಾದವರು ಹೇಳಲಿಲ್ಲ. ಉತ್ತರ ಪ್ರದೇಶದ ಆಜಮ್‌ಗಢದ ಕಡೆಯ ಬೀಬೀಪುರದವರು. 1912ರ ಜುಲೈ 15ರಂದು ಹುಟ್ಟಿದರು. ತಂದೆ ಪೊಲೀಸ್ ಇಲಾಖೆಯಲ್ಲಿ ಅಧಿಕಾರಿ. ಮಗ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯಲ್ಲಿ ಕಲಿತು ಬಲೂಚ್ ರೆಜಿಮೆಂಟನ್ನು ಸೇರಿದರು. ಅಂದರೆ ಕೂಲಿಕಾರನ ಮಗನಲ್ಲ. ಹಾಗೆಂದು ನಾವು ಕತೆ ಕಟ್ಟುವುದೂ ಇಲ್ಲ. ಬಿಳಿಯರ ಶಾಲೆಯಲ್ಲಿ ಕಲಿತು ಬಂದ ಅನೇಕ ಅಧಿಕಾರಿಗಳು ಬಿಳಿಯರಿಗಿಂತ ದೊಡ್ಡ ದೊರೆಗಳಾಗಿ ಮೆರೆದರು. ಈ ಮನುಷ್ಯ ಹಾಗಾಗಲಿಲ್ಲವೆಂಬುದೇ ನಮಗೆ ಮುಖ್ಯವಾದ ವಿಷಯ. ಮದ್ಯ ಮುಟ್ಟಲಿಲ್ಲ, ಮಾಂಸ ಬಿಟ್ಟರು, ಮದುವೆಯಾಗಲಿಲ್ಲ. ಸಂಬಳದ ದೊಡ್ಡ ಪಾಲು ಬಡ ಹುಡುಗರ ಊಟಕ್ಕೂ ಓದಿಗೂ ಹೋಗುತ್ತಿತ್ತು.

1947ರಲ್ಲಿ ದೇಶ ಒಡೆಯಿತು. ಅದರೊಂದಿಗೆ ಸೈನ್ಯವೂ ಒಡೆಯಿತು. ಮೇಜು ಕುರ್ಚಿಗಳನ್ನು ಹಂಚಿಕೊಂಡ ಹಾಗೆ ರೆಜಿಮೆಂಟುಗಳನ್ನು ಹಂಚಿಕೊಂಡರು. ಬಲೂಚ್ ರೆಜಿಮೆಂಟು ಪಾಕಿಸ್ತಾನದ ಪಾಲಿಗೆ ಬಂದಿತು. ಉಸ್ಮಾನರೂ ಅದರ ಬೆನ್ನಿಗೆ ಹೋಗುವರೆಂದೇ ಎಲ್ಲರೂ ಎಣಿಸಿದ್ದರು. ಅಲ್ಲಿಯ ಧುರೀಣರು ಅವರಿಗೆ ದೊಡ್ಡ ಪದವಿಯ ಆಸೆ ತೋರಿಸಿದರೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಉಸ್ಮಾನರು ಹೋಗಲಿಲ್ಲ. ಡೋಗ್ರಾ ರೆಜಿಮೆಂಟಿಗೆ ವರ್ಗವಾದರು. ತಾನು ಹುಟ್ಟಿದ ನೆಲ ಇದು ಎಂಬುದಕ್ಕಿಂತ ಹೆಚ್ಚಿನ ಕಾರಣ ಒಬ್ಬ ಮನುಷ್ಯನಿಗೆ ಬೇಕೇ?

ಆ ವರ್ಷದ ಡಿಸೆಂಬರಿನಲ್ಲಿ ಜಮ್ಮುವಿನ ಗಡಿಯ ಝಂಗರ್ ಶತ್ರುಗಳ ಕೈಸೇರಿತು. ಮೀರ್‌ಪುರದ ದಾರಿ, ಕೋಟ್ಲಿಯ ದಾರಿ ಎರಡೂ ಕೂಡುವ ಸ್ಥಳ ಅದು. ಝಂಗರ್ ಹೋದ ಮೇಲೆ ಮುಂದಿನ ಪಾಳಿ ನೌಶೇರಾದ್ದೆಂದು ಎಲ್ಲರಿಗೂ ಗೊತ್ತಿತ್ತು. ಅಂಥ ಹೊತ್ತಿನಲ್ಲಿ 50ನೆಯ ಪ್ಯಾರಾಶೂಟ್ ಬ್ರಿಗೇಡಿನ ಹೊಣೆ ಉಸ್ಮಾನರ ಮೇಲೆ ಬಿತ್ತು. ಝಂಗರನ್ನು ತಿರುಗಿ ಪಡೆಯುವವರೆಗೆ ತಾನು ಮಂಚದ ಮೇಲೆ ಮಲಗುವುದಿಲ್ಲವೆಂದು ಅವರು ಶಪಥ ಮಾಡಿದರು. ಪುಷ್ಯ ಮಾಘದ ಚಳಿ, ಬೆಟ್ಟದ ಸೀಮೆ. ಬ್ರಿಗೇಡಿಯರ್ ನೆಲದ ಮೇಲೆ ಚಾಪೆ ಹಾಸಿ ಮಲಗಿದರು.

ಚಾಪೆಯ ಕತೆಯನ್ನು ಭಾಷಣಗಳಲ್ಲಿ ಹೇಳುವವರಿದ್ದಾರೆ. ಅದಕ್ಕಿಂತ ದೊಡ್ಡದನ್ನು ಹೇಳುವುದಿಲ್ಲ. ನೌಶೇರಾದಲ್ಲಿ ಆಗ ನಿರಾಶ್ರಿತರು ತುಂಬಿಕೊಂಡಿದ್ದರು, ದವಸ ಸಾಲದಾಗಿತ್ತು. ಉಸ್ಮಾನರು ತಮ್ಮ ಸೈನಿಕರು ಮಂಗಳವಾರದ ದಿನ ಉಪವಾಸ ಇರಬೇಕೆಂದು ಆಜ್ಞೆ ಮಾಡಿ, ಹಾಗೆ ಉಳಿದ ಧಾನ್ಯವನ್ನು ಊರಿನ ಜನಕ್ಕೆ ಹಂಚಿಸಿದರು. ಯುದ್ಧ ಬಂದಿತೆಂದರೆ ದಾಸ್ತಾನು ಮುಚ್ಚಿಟ್ಟು ದರ ಏರಿಸುವ ಸಾಹುಕಾರರನ್ನು ಕಂಡಿರುವ ನಮ್ಮ ಜನಕ್ಕೆ ಈ ಆಜ್ಞೆಯ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ. ಚಾಪೆಯ ಮೇಲೆ ಒಬ್ಬನೇ ಮಲಗಬಹುದು. ತುತ್ತನ್ನು ಹಂಚಿಕೊಳ್ಳಲು ಸಾವಿರಾರು ಮಂದಿ ಒಪ್ಪಬೇಕು. ಸೇನಾಪತಿಯೇ ಹಸಿದಿದ್ದಾನೆಂಬುದನ್ನು ಕಣ್ಣಾರೆ ಕಾಣದಿದ್ದರೆ ಅವರು ಒಪ್ಪುತ್ತಿರಲಿಲ್ಲ.

ಊರಿನಲ್ಲಿ ತಾಯಿತಂದೆಗಳನ್ನು ಕಳೆದುಕೊಂಡು ಅಲೆಯುತ್ತಿದ್ದ ಹುಡುಗರೂ ಇದ್ದರು. ಆರು ವರ್ಷದವರಿಂದ ಹನ್ನೆರಡು ವರ್ಷದವರವರೆಗೆ. ಉಸ್ಮಾನರು ಅವರನ್ನು ಒಟ್ಟುಗೂಡಿಸಿ ಅನ್ನ ಹಾಕಿದರು, ಓದು ಕಲಿಸುವ ಏರ್ಪಾಟು ಮಾಡಿದರು, ಬಾಲಕ ಸೇನೆಯೆಂದು ಹೆಸರಿಟ್ಟರು. ಗುಂಡು ಹಾರುತ್ತಿದ್ದಾಗ ಅವರಲ್ಲಿ ಕೆಲವರು ಸುದ್ದಿ ಮುಟ್ಟಿಸುವ ಕೆಲಸವನ್ನೂ ಮಾಡಿದರು. ಆಮೇಲೆ ಮೂವರಿಗೆ ಬಹುಮಾನ ಬಂದಿತೆಂದು ಹೇಳುತ್ತಾರೆ. ಶಾಲೆಯಲ್ಲಿ ಸೀಮೆಸುಣ್ಣ ಹಿಡಿದಿದ್ದ ನಮಗೆ, ಮಕ್ಕಳನ್ನು ಗುಂಡಿನ ನಡುವೆ ಓಡಿಸಿದ್ದು ಈಗಲೂ ಸರಿಕಾಣದು. ಆದರೆ ಅನಾಥ ಹುಡುಗನನ್ನು ಕಂಡು ಮುಖ ತಿರುಗಿಸದೆ ತಟ್ಟೆ ಕೊಟ್ಟು ಪಾಟಿ ಕೊಟ್ಟ ಸೇನಾನಿಗಳು ಎಷ್ಟು ಮಂದಿ?

ಆಗ ಈ ಪಶ್ಚಿಮದ ಕಮಾಂಡಿನ ಮುಖ್ಯಸ್ಥರಾಗಿ ಬಂದವರು ನಮ್ಮ ಕೊಡಗಿನ ಕಾರ್ಯಪ್ಪನವರು. ಅವರು ನೌಶೇರಾಕ್ಕೆ ಹೋಗಿ ನೋಡಿ, ಊರಿನ ನೆತ್ತಿಯ ಮೇಲಿರುವ ಕೋಟ್ ಎಂಬ ಎತ್ತರವನ್ನು ಗೆದ್ದು ತನಗೆ ಕಾಣಿಕೆ ಕೊಡಬೇಕೆಂದು ಉಸ್ಮಾನರನ್ನು ಕೇಳಿದರು. 1948ರ ಫೆಬ್ರವರಿ 1ರಂದು ಕೋಟ್ ಕೈಸೇರಿತು. ಕಾರ್ಯಪ್ಪನವರನ್ನು ಗೆಳೆಯರು ಕರೆಯುತ್ತಿದ್ದ ‘ಕಿಪರ್’ ಎಂಬ ಅಡ್ಡ ಹೆಸರನ್ನೇ ಉಸ್ಮಾನರು ಆ ಕಾರ್ಯಾಚರಣೆಗೆ ಇಟ್ಟಿದ್ದರು. ಆಜಮ್‌ಗಢದ ಮುಸಲ್ಮಾನ, ಕೊಡಗಿನ ಹಿಂದು. ಕೇಳಿದವರಿಗೂ ಕೊಟ್ಟವರಿಗೂ ನಡುವೆ ಜಾತಿಯ ಲೆಕ್ಕ ಬರಲಿಲ್ಲ.

ಐದು ದಿನ ಕಳೆದು ಫೆಬ್ರವರಿ 6ರ ಬೆಳಗಿನ ಜಾವಕ್ಕೆ ಶತ್ರುಗಳು ಸಾವಿರಗಟ್ಟಲೆಯಾಗಿ ನೌಶೇರಾದ ಮೇಲೆ ಬಿದ್ದರು. ಟೈನ್ ಧಾರ್ ಎಂಬಲ್ಲಿ ರಜಪೂತ ರೆಜಿಮೆಂಟಿನ ನಾಯಕ್ ಜದುನಾಥ ಸಿಂಗ್ ತನ್ನ ಜೊತೆಯವರೆಲ್ಲ ಬಿದ್ದ ಮೇಲೂ ಒಬ್ಬನೇ ಮುಂದೆ ನುಗ್ಗಿ ಮಡಿದ. ಪರಮವೀರ ಚಕ್ರ ಬಂದಿತು. ಬಡ ರೈತನ ಮಗ, ನಾಲ್ಕನೆಯ ತರಗತಿಯವರೆಗೆ ಓದಿದವನು. ಉಸ್ಮಾನರ ಹೆಸರೆತ್ತುವಾಗ ಈತನ ಹೆಸರು ಬಿಡುವುದು ದ್ರೋಹವಾಗುತ್ತದೆ. ನೌಶೇರಾ ಉಳಿಯಿತು. ಎದುರಾಳಿಗಳು ಉಸ್ಮಾನರ ತಲೆಗೆ 50,000 ರೂಪಾಯಿ ಬೆಲೆ ಕಟ್ಟಿದರು. ಆಗಿನ ಕಾಲದ ಐವತ್ತು ಸಾವಿರ!

ಮಾರ್ಚ್ 18ರಂದು ಝಂಗರ್ ತಿರುಗಿ ಬಂದಿತು. ಬ್ರಿಗೇಡಿನಲ್ಲಿ ಮಂಚವಿರಲಿಲ್ಲ, ಹಳ್ಳಿಯಿಂದ ಒಂದನ್ನು ಎರವಲು ತಂದು ಉಸ್ಮಾನರನ್ನು ಆ ರಾತ್ರಿ ಮಲಗಿಸಿದರಂತೆ. ಜುಲೈ 3ರ ಸಂಜೆ ಅದೇ ಝಂಗರಿನಲ್ಲಿ ಫಿರಂಗಿಯ ಗುಂಡೊಂದು ಸಿಡಿದು ಅವರು ಸತ್ತರು. ಇನ್ನು ಹನ್ನೆರಡು ದಿನ ಬದುಕಿದ್ದರೆ ಮೂವತ್ತಾರು ತುಂಬುತ್ತಿತ್ತು. ಶವ ದಿಲ್ಲಿಗೆ ಬಂದಿತು, ಪ್ರಧಾನಿ ನೆಹರೂ ಅವರು ಅಂತ್ಯಸಂಸ್ಕಾರಕ್ಕೆ ಬಂದು ನಿಂತರು. ಮಹಾವೀರ ಚಕ್ರ ಘೋಷಣೆಯಾಯಿತು.

ಇಷ್ಟು ಮರ್ಯಾದೆ ಸಾಕಲ್ಲವೆ ಎಂದು ಕೇಳುವವರಿದ್ದಾರೆ. ಮರ್ಯಾದೆ ಮಾಡುವವರ ಬಗೆಗಳನ್ನು ಸ್ವಲ್ಪ ನೋಡೋಣ. ದಿನಾಚರಣೆಯ ಪುಢಾರಿಗಳ ವಿಷಯ ಬಿಡಿ. ಅವರಿಗೆ ಹಾರ ಒಂದೇ, ಪಟ ಯಾರದಾದರೂ ಆದೀತು. ಇನ್ನೊಂದು ಬಗೆಯವರು ಹೆಚ್ಚು ಅಪಾಯದವರು. ಅವರು ಉಸ್ಮಾನರನ್ನು ಬಾಯಿತುಂಬ ಹೊಗಳುತ್ತಾರೆ. ಹೊಗಳಿ, ಕೂಡಲೆ ಪಕ್ಕದ ಮುಸಲ್ಮಾನನ ಕಡೆ ತಿರುಗಿ, ನೀನು ಉಸ್ಮಾನನಂತೆ ಇರು, ಆಗ ನಂಬುತ್ತೇವೆ ಎನ್ನುತ್ತಾರೆ. ಇದು ಮರ್ಯಾದೆಯೇ? ಸತ್ತವನ ಎಲುಬನ್ನು ಬದುಕಿದವನಿಗೆ ಬೆತ್ತವಾಗಿ ಹಿಡಿಯುವುದು! ಜದುನಾಥ ಸಿಂಗರನ್ನು ತೋರಿಸಿ, ಹೀಗೆ ಸತ್ತರೆ ಮಾತ್ರ ನೀನು ದೇಶದವನು ಎಂದು ಹಿಂದು ಗಿರಣಿ ಕಾರ್ಮಿಕನಿಗೆ ಯಾರಾದರೂ ಹೇಳುತ್ತಾರೆಯೇ? ಹೇಳಿದರೆ ಆತ ಸುಮ್ಮನಿರುತ್ತಾನೆಯೇ? ಪಾಳಿ ಮುಗಿಸಿ ಮನೆಗೆ ಹೋಗುವವನು, ತೆರಿಗೆ ಕಟ್ಟುವವನು, ಮಕ್ಕಳನ್ನು ಶಾಲೆಗೆ ಕಳಿಸುವವನು ಈ ದೇಶದವನಾಗಲು ಪದಕ ಗಳಿಸಬೇಕಾಗಿಲ್ಲ. ಒಬ್ಬನಿಗಿಲ್ಲದ ಪರೀಕ್ಷೆ ಇನ್ನೊಬ್ಬನಿಗೆ ಏಕೆ?

ದೂರದ ಮಾತಲ್ಲ ಇದು. 2022ರ ಮಾರ್ಚ್ ತಿಂಗಳಿನಲ್ಲಿ ನಮ್ಮದೇ ನಾಡಿನ ಉಡುಪಿ ಜಿಲ್ಲೆಯ ಕಾಪುವಿನ ಮಾರಿಗುಡಿ ಜಾತ್ರೆಯಲ್ಲಿ ಮುಸಲ್ಮಾನ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. ಹಣ್ಣು, ಬಳೆ, ಆಟಿಕೆ ಮಾರಿ ಹೊಟ್ಟೆ ಹೊರೆಯುವವರು ಅವರು. ಬೇರೆ ಊರುಗಳಲ್ಲೂ ಇಂಥ ಫಲಕಗಳೆದ್ದವು. ಚಿಲ್ಲರೆ ವ್ಯಾಪಾರಿ ಮಿತ್ರರು ಒಂದು ಲೆಕ್ಕ ಹಾಕಿ ನೋಡಲಿ. ಪಕ್ಕದ ಅಂಗಡಿ ಇಂದು ಖಾಲಿಯಾದರೆ ಗಿರಾಕಿ ತನಗೆ ಬಂದಾನೆಂದು ಎಣಿಸಬಹುದು. ಆದರೆ ಜಾತ್ರೆಯಲ್ಲಿ ಯಾರು ಕೂತುಕೊಳ್ಳಬೇಕು, ಯಾರು ಬೇಡ ಎಂದು ಹೇಳುವ ಅಧಿಕಾರವನ್ನು ಫಲಕ ಕಟ್ಟುವವರ ಕೈಗೆ ಕೊಟ್ಟಾಯಿತು. ನಾಳೆ ಆ ಅಧಿಕಾರ ಯಾರ ತಕ್ಕಡಿಯ ಮೇಲೆ ಬೀಳುತ್ತದೋ! ಗಿರಣಿಯಲ್ಲೂ ಇದೇ. ಬೋನಸ್ಸಿನ ಮಾತೆತ್ತುವ ದಿನ ಕಾರ್ಮಿಕರು ಎರಡಾಗಿ ನಿಂತಿದ್ದರೆ ಮಾಲಿಕನಿಗೆ ಬೇರೆ ಖರ್ಚಿಲ್ಲ.

ಉಪವಾಸದ ಮಂಗಳವಾರ ಉಳಿದ ಹಿಟ್ಟನ್ನು ಹಂಚುವಾಗ ನೌಶೇರಾದಲ್ಲಿ ಯಾರೂ ಜಾತಿ ಕೇಳಿ ಅಳೆಯಲಿಲ್ಲ. ಮುಸಲ್ಮಾನ ಸೇನಾನಿಯ ಕೈಕೆಳಗೆ ಹಸಿದಿದ್ದ ರಜಪೂತ, ಮರಾಠ ಸಿಪಾಯಿಗಳು ಸಹ ಕೇಳಲಿಲ್ಲ.

ನಮ್ಮ ಬೇಡಿಕೆ ಚಿಕ್ಕದು. ಉಸ್ಮಾನರ ಸಮಾಧಿಯನ್ನು ನೋಡಿಕೊಳ್ಳುವ ಹೊಣೆ ತನ್ನದೆಂದು ಕೇಂದ್ರ ಸರಕಾರ ಕಾಗದದ ಮೇಲೆ ಬರೆದು ಒಪ್ಪಿಕೊಳ್ಳಲಿ. ಕನ್ನಡ ಶಾಲೆಯ ಪಾಠಗಳಲ್ಲಿ ಕಾರ್ಯಪ್ಪನವರ ಹೆಸರು ಬಂದಲ್ಲೆಲ್ಲ ಕೋಟ್ ಬೆಟ್ಟದ ಕಾಣಿಕೆ ಕೊಟ್ಟವನ ಹೆಸರೂ ಬರಲಿ. ಬರುವ ಜುಲೈ 3ರಂದು ಗಿರಣಿಯ ಬಾಗಿಲಲ್ಲಿ ಬೆಳಗಿನ ಪಾಳಿಯವರು ಒಳಗೆ ಹೋಗುವ ಮುಂಚೆ ಹತ್ತು ನಿಮಿಷ ನಿಲ್ಲಲಿ, ಹಾರ ಬೇಡ, ಮಂಗಳವಾರದ ಹಿಟ್ಟಿನ ಕತೆಯನ್ನು ಒಬ್ಬರು ಎದ್ದು ಹೇಳಿದರೆ ಸಾಕು. ನಮ್ಮ ಕಾರ್ಯಕರ್ತರು ಬರುತ್ತಾರೆ. ಸಂತೆಯ ದಿನ ಅಂಗಡಿಯ ಸಾಲಿನಲ್ಲೂ ಹೇಳಬೇಕೆಂದಿದ್ದೇವೆ. ಜಾಗ ಕೊಡುವ ವ್ಯಾಪಾರಿಗಳು ಮೊದಲೇ ತಿಳಿಸಿದರೆ ಅನುಕೂಲವಾಗುತ್ತದೆ.