ಆನಂದಪುರದಲ್ಲಿ ಒಬ್ಬ ಬೀದರಿನವನು
ಸಿಖ್ಖರ ಪುಣ್ಯಕ್ಷೇತ್ರ ಎಂದೊಡನೆ ನಮ್ಮ ಮನಸ್ಸು ನೇರ ಅಮೃತಸರಕ್ಕೆ ಓಡುತ್ತದೆ. ಶಿವಾಲಿಕ್ ಬೆಟ್ಟಗಳ ಬುಡದಲ್ಲಿರುವ ಆನಂದಪುರ ಸಾಹಿಬ್ ನೆನಪಾಗುವುದೇ ಅಪರೂಪ. ಕನ್ನಡಿಗರಾದರೂ ಅದನ್ನು ಮರೆಯಬಾರದಿತ್ತು. ಗುರು ತೇಗ್ ಬಹಾದ್ದೂರರು 1665ರಲ್ಲಿ ನೆಲ ಕೊಂಡು ಕಟ್ಟಿದ ಊರಿದು. 1699ರ ಬೈಸಾಖಿಯ ದಿನ ಅವರ ಮಗ ಗುರು ಗೋವಿಂದರು ಕಿಕ್ಕಿರಿದ ಸಭೆಯೆದುರು ಕತ್ತಿ ಹಿರಿದು, ತಲೆ ಕೊಡುವವರು ಯಾರಿದ್ದೀರಿ ಎಂದು ಕೇಳಿದ್ದು ಇಲ್ಲಿಯೇ. ಎದ್ದು ಬಂದ ಐವರು ಲಾಹೋರ್, ಹಸ್ತಿನಾಪುರ, ಪುರಿ, ದ್ವಾರಕೆ ಮತ್ತು ನಮ್ಮ ಬೀದರಿನವರು. ಬೀದರಿನ ಸಾಹಿಬ್ ಚಂದ್ ಕ್ಷೌರಿಕ ಮನೆತನದವನು ಎನ್ನುತ್ತದೆ ಪರಂಪರೆ. ಐವರಿಗೂ ದೀಕ್ಷೆಯ ಅಮೃತ ಕೊಟ್ಟ ಗುರು, ಬಳಿಕ ತಾವೇ ಅವರೆದುರು ನಿಂತು ಅದೇ ಅಮೃತ ಬೇಡಿ ಪಡೆದರು. ಕತ್ತಿಯ ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಮಾತ್ರ ಗುರು ಶಿಷ್ಯನಾದ ಈ ಗಳಿಗೆ. ಆ ಜಾಗದಲ್ಲಿ ಈಗ ತಖ್ತ್ ಕೇಶಗಢ ಸಾಹಿಬ್‌ನ ಬಿಳಿ ಗುರುದ್ವಾರವಿದೆ, ಸಿಖ್ಖರ ಐದು ಪೀಠಗಳಲ್ಲಿ ಒಂದು. ಸುತ್ತಲಿನ ಕೋಟೆಗಳು ಗುರು ಎದುರಿಸಿದ ಮುತ್ತಿಗೆಗಳನ್ನು ನೆನಪಿಸುತ್ತವೆ. ವಾಸ್ತುಶಿಲ್ಪಿ ಮೋಶೆ ಸಫ್ದಿ ರೂಪಿಸಿದ, 2011ರಲ್ಲಿ ತೆರೆದ ವಿರಾಸತ್-ಎ-ಖಾಲ್ಸಾ ಸಂಗ್ರಹಾಲಯಕ್ಕೂ ಜನ ಮುಗಿಬೀಳುತ್ತಾರೆ. ಆದರೆ ಊರನ್ನು ನೋಡಬೇಕಾದರೆ ಹೋಳಿಯ ಹೊತ್ತಿನ ಹೋಲಾ ಮೊಹಲ್ಲಾ ಉತ್ಸವಕ್ಕೇ ಹೋಗಬೇಕು: ನೀಲಿ ಉಡುಪಿನ ಸಿಖ್ ಯೋಧರಾದ ನಿಹಂಗರ ಕುದುರೆ ಸವಾರಿ, ಗತ್ಕಾ ಕತ್ತಿವರಸೆ, ಬಂದವರಿಗೆಲ್ಲ ಲಂಗರ್ ಎಂಬ ಸಾಮೂಹಿಕ ಅಡುಗೆಮನೆಯ ಊಟ.