ನೆರೆಮನೆಯ ನಿದ್ದೆ ಮತ್ತು ನಮ್ಮ ಧ್ವನಿವರ್ಧಕ

ಶಬ್ದಮಾಲಿನ್ಯದ ಕುರಿತು ನಮ್ಮ ರಾಜ್ಯದಲ್ಲಿ ಚರ್ಚೆ ಎದ್ದಾಗಲೆಲ್ಲ ಅದು ಹೆಚ್ಚಾಗಿ ಮಸೀದಿಯ ಮಿನಾರದಿಂದ ಆರಂಭವಾಗಿ ಮಿನಾರದಲ್ಲೇ ಕೊನೆಗೊಳ್ಳುತ್ತದೆ. ಮೆರವಣಿಗೆಯ ಡಿ.ಜೆ., ನಡುರಾತ್ರಿಯ ವರೆಗೆ ಸಾಗುವ ಆರ್ಕೆಸ್ಟ್ರಾ, ಚುನಾವಣಾ ಪ್ರಚಾರದ ವಾಹನ, ಮನೆಗಳ ನಡುವೆಯೇ ಕಲ್ಲು ಕೊರೆಯುವ ಯಂತ್ರ, ಸೈಲೆನ್ಸರ್ ಕಿತ್ತೆಸೆದ ಬೈಕು- ಇವಾವುವೂ ಆ ಚರ್ಚೆಯಲ್ಲಿ ಸ್ಥಾನ ಪಡೆಯುವುದಿಲ್ಲ. ಇದು ಅನ್ಯಾಯ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಅನ್ಯಾಯವನ್ನು ಖಂಡಿಸುವ ಭರದಲ್ಲಿ ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ ಮರೆಗೆ ಸರಿಯುತ್ತದೆ. ಶಬ್ದ ನಿಯಂತ್ರಣದ ನಿಯಮ ಇರುವುದಾದರೂ ಯಾರ ರಕ್ಷಣೆಗಾಗಿ? ಅದರ ಪ್ರಯೋಜನ ಸಿಗಬೇಕಾದವರಲ್ಲಿ ನಮ್ಮದೇ ಮನೆಯ ರೋಗಿ, ವೃದ್ಧ ತಾಯಿ, ಬಾಣಂತಿ ಮತ್ತು ಎಸೆಸೆಲ್ಸಿ ಪರೀಕ್ಷೆಗೆ ಓದುತ್ತಿರುವ ಮಗಳು ಇಲ್ಲವೇ?

1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ ಕೇಂದ್ರ ಸರಕಾರವು 2000ನೇ ಇಸವಿಯಲ್ಲಿ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳನ್ನು ರೂಪಿಸಿತು. ಅದರ ಪ್ರಕಾರ ಜನವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್. ವಾಣಿಜ್ಯ ಪ್ರದೇಶದಲ್ಲಿ ಇದು 65 ಮತ್ತು 55. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಘೋಷಿಸಲಾದ ನಿಶ್ಶಬ್ದ ವಲಯದಲ್ಲಿ 50 ಮತ್ತು 40. ರಾತ್ರಿ ಎಂದರೆ 10 ಗಂಟೆಯಿಂದ ಬೆಳಗ್ಗೆ 6ರ ವರೆಗಿನ ಅವಧಿ. ಧ್ವನಿವರ್ಧಕ ಬಳಸುವವರು ಯಾರೇ ಆಗಿರಲಿ, ಅಧಿಕಾರಿಗಳಿಂದ ಲಿಖಿತ ಅನುಮತಿ ಪಡೆದಿರಬೇಕು. ರಾತ್ರಿ ವೇಳೆ ಮುಚ್ಚಿದ ಸಭಾಂಗಣದ ಒಳಗಿನ ಬಳಕೆ ಮತ್ತು ಸಾರ್ವಜನಿಕ ತುರ್ತು ಸಂದರ್ಭದ ಹೊರತು ಅದನ್ನು ಬಳಸುವಂತಿಲ್ಲ. ಹಬ್ಬ ಹರಿದಿನಗಳಲ್ಲಿ ರಾತ್ರಿ 12ರ ವರೆಗೆ ಸಡಿಲಿಕೆ ನೀಡುವ ಅಧಿಕಾರ ರಾಜ್ಯ ಸರಕಾರಕ್ಕಿದೆಯಾದರೂ ಅದು ವರ್ಷಕ್ಕೆ ಒಟ್ಟು 15 ದಿನಗಳನ್ನು ಮೀರಬಾರದು.

ಈ ಡೆಸಿಬಲ್ ಲೆಕ್ಕ ಅಂಗಡಿಯ ತಕ್ಕಡಿಯ ಲೆಕ್ಕದಂತಲ್ಲ. 10 ಡೆಸಿಬಲ್ ಏರಿದರೆ ಶಬ್ದದ ಶಕ್ತಿ 10 ಪಟ್ಟು ಏರುತ್ತದೆ. 20 ಏರಿದರೆ 100 ಪಟ್ಟು. ಆದ್ದರಿಂದ ಮಿತಿಯನ್ನು ‘ಸ್ವಲ್ಪ’ ಮೀರಿದೆವು ಎಂದು ಹೇಳುವಾಗ ಆ ಸ್ವಲ್ಪ ಎಷ್ಟು ಎಂಬುದನ್ನು ಪಕ್ಕದ ಮನೆಯ ಹಾಸಿಗೆಯಲ್ಲಿ ಮಲಗಿ ಅಳೆಯಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗವು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು, ರಾತ್ರಿ ವೇಳೆ ಮನೆಯ ಹೊರಗಿನ ಶಬ್ದ 40 ಡೆಸಿಬಲ್ ಮೀರಬಾರದು ಎಂದು ಹೇಳಿದೆ. ನಿದ್ದೆಗೆಡುವುದು ಕೇವಲ ಕಿರಿಕಿರಿಯ ವಿಷಯವಲ್ಲ, ರಕ್ತದೊತ್ತಡ ಮತ್ತು ಹೃದಯದ ಆರೋಗ್ಯದ ವಿಷಯವೂ ಹೌದು.

ಸುಪ್ರೀಂ ಕೋರ್ಟ್ 2005 ಜುಲೈ 18ರಂದು ಈ ವಿಷಯದಲ್ಲಿ ನೀಡಿದ ತೀರ್ಪಿನ ಹಿನ್ನೆಲೆಯನ್ನು ತಿಳಿದವರು ಶಬ್ದವನ್ನು ಹಗುರವಾಗಿ ಪರಿಗಣಿಸಲಾರರು. 13 ವರ್ಷದ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತು. ಆಕೆ ಕೂಗಿಕೊಂಡಳು. ಆದರೆ ನೆರೆಹೊರೆಯಲ್ಲಿ ಧ್ವನಿವರ್ಧಕದಿಂದ ಅಬ್ಬರಿಸುತ್ತಿದ್ದ ಸಂಗೀತದಲ್ಲಿ ಆ ಕೂಗು ಯಾರಿಗೂ ಕೇಳಿಸಲಿಲ್ಲ. ಅದೇ ದಿನ ಆಕೆ ಮೈಗೆ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟಳು. ಈ ಘಟನೆಯಿಂದ ಕಳವಳಗೊಂಡ ಇಂಜಿನಿಯರ್ ಒಬ್ಬರು ಕೋರ್ಟಿನ ಮೆಟ್ಟಿಲೇರಿದರು. ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಹೋಟಿಯವರಿದ್ದ ಪೀಠವು, ನೆಮ್ಮದಿಯಿಂದ ಬದುಕುವ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗವೆಂದೂ ಧ್ವನಿವರ್ಧಕದ ಮೂಲಕ ತನ್ನ ಮಾತನ್ನು ಇನ್ನೊಬ್ಬನ ಕಿವಿಗೆ ಬಲವಂತವಾಗಿ ತುರುಕುವುದು ಯಾರ ಮೂಲಭೂತ ಹಕ್ಕೂ ಅಲ್ಲವೆಂದೂ ಸ್ಪಷ್ಟಪಡಿಸಿತು. ಇದಕ್ಕೂ ಮೊದಲು, 2000ದ ಆಗಸ್ಟ್‌ನಲ್ಲಿ ಚೆನ್ನೈನ ಚರ್ಚೊಂದರ ಪ್ರಕರಣದಲ್ಲಿ ಇದೇ ನ್ಯಾಯಾಲಯವು, ಇತರರ ಶಾಂತಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ ಎಂದಿತ್ತು.

ಸಮಸ್ಯೆಯಿರುವುದು ನಿಯಮದಲ್ಲಲ್ಲ, ಅದನ್ನು ಆಯ್ದು ಬಳಸುವ ರಾಜಕೀಯದಲ್ಲಿ. 2022ರ ಆ ದಿನಗಳನ್ನು ನೆನಪಿಸಿಕೊಳ್ಳಿ. ಹಿಜಾಬ್ ವಿವಾದ ಮತ್ತು ಹಲಾಲ್ ಬಹಿಷ್ಕಾರದ ಕರೆಯ ಬೆನ್ನಿಗೇ ಅಝಾನ್ ವಿವಾದ ಹುಟ್ಟಿಕೊಂಡಿತು. ಮೇ 9ರ ಬೆಳಗ್ಗೆ 5 ಗಂಟೆಗೆ, ಅಝಾನ್‌ಗೆ ಪ್ರತಿಯಾಗಿ ಕೆಲವು ದೇವಾಲಯಗಳಲ್ಲಿ ಸುಪ್ರಭಾತ ಮತ್ತು ಹನುಮಾನ್ ಚಾಲೀಸಾ ಮೊಳಗಿಸುವ ಅಭಿಯಾನ ನಡೆಯಿತು. ಅದರಲ್ಲಿ ಭಕ್ತಿಗಿಂತ ಹೆಚ್ಚಾಗಿ ಹಠವಿತ್ತು. ನೆರೆಯವರ ನಿದ್ದೆಯ ಬಗ್ಗೆ ಕಾಳಜಿಯಿದ್ದವರು ಅದೇ ಹೊತ್ತಿನಲ್ಲಿ ಇನ್ನೊಂದು ಮೈಕ್ ಹಚ್ಚುತ್ತಿದ್ದರೇ? ಮರುದಿನವೇ ರಾಜ್ಯ ಸರಕಾರವು ಸುತ್ತೋಲೆ ಹೊರಡಿಸಿ, ಧ್ವನಿವರ್ಧಕ ಬಳಸುವವರೆಲ್ಲರೂ 15 ದಿನಗಳೊಳಗೆ ಲಿಖಿತ ಅನುಮತಿ ಪಡೆಯಬೇಕೆಂದಿತು. ಸಮುದಾಯ ಹೇಗೆ ಸ್ಪಂದಿಸಿತು? ಅದೇ ವರ್ಷದ ಅಕ್ಟೋಬರ್ ವೇಳೆಗೆ ರಾಜ್ಯದಲ್ಲಿ ನೀಡಲಾದ 17,850 ಪರವಾನಿಗೆಗಳ ಪೈಕಿ 10,889 ಮಸೀದಿಗಳದ್ದಾಗಿದ್ದವು. ಮುಸ್ಲಿಮರು ಕಾನೂನನ್ನು ಲೆಕ್ಕಿಸುವುದಿಲ್ಲ ಎಂದು ಪ್ರಚಾರ ಮಾಡಿದವರಿಗೆ ಈ ಅಂಕಿಯೇ ಸಾಕಷ್ಟು ಉತ್ತರ ನೀಡಿತ್ತು.

2022ರ ಆಗಸ್ಟ್‌ನಲ್ಲಿ ರಾಜ್ಯ ಹೈಕೋರ್ಟ್ ಕೂಡ, ಅಝಾನ್‌ನ ಪದಗಳಿಂದ ಅನ್ಯಧರ್ಮೀಯರ ಹಕ್ಕಿಗೆ ಧಕ್ಕೆಯಾಗುತ್ತದೆಂಬ ವಾದವನ್ನು ತಿರಸ್ಕರಿಸಿತು. ನಾವು ಆ ತೀರ್ಪನ್ನು ಸ್ವಾಗತಿಸಿದೆವು, ಸರಿಯೇ. ಆದರೆ ಅದೇ ತೀರ್ಪಿಗೆ ಇನ್ನೊಂದು ಭಾಗವೂ ಇದೆ. ಶಬ್ದ ನಿಯಮಗಳ ಪಾಲನೆಯನ್ನು ಖಚಿತಪಡಿಸಿಕೊಳ್ಳುವಂತೆ ಕೋರ್ಟು ಅಧಿಕಾರಿಗಳಿಗೆ ನಿರ್ದೇಶಿಸಿದೆ. ಅಂದರೆ ಅಝಾನ್‌ಗೆ ಸಂವಿಧಾನದ ರಕ್ಷಣೆಯಿದೆ, ಮಿತಿ ಮೀರಿದ ಡೆಸಿಬಲ್‌ಗೆ ಇಲ್ಲ. 2020ರ ಮೇಯಲ್ಲಿ ಅಲಹಾಬಾದ್ ಹೈಕೋರ್ಟ್ ಹೇಳಿದ್ದೂ ಇದನ್ನೇ: ಅಝಾನ್ ಇಸ್ಲಾಮಿನ ಅವಿಭಾಜ್ಯ ಅಂಗ, ಧ್ವನಿವರ್ಧಕ ಅಲ್ಲ. ಈ ವ್ಯತ್ಯಾಸವನ್ನು ನ್ಯಾಯಾಲಯವೇ ನಮಗೆ ಕಲಿಸಬೇಕಿರಲಿಲ್ಲ. 13 ಶತಮಾನಗಳಿಗೂ ಹೆಚ್ಚು ಕಾಲ ಅಝಾನ್ ಮೊಳಗಿದ್ದು ಮನುಷ್ಯನ ಕಂಠದಿಂದಲೇ ಅಲ್ಲವೇ? ಧ್ವನಿವರ್ಧಕ ಬಂದ ಹೊಸತರಲ್ಲಿ ನಮಾಝಿನಲ್ಲಿ ಅದನ್ನು ಬಳಸಬಹುದೇ ಎಂದು ಈ ಉಪಖಂಡದ ವಿದ್ವಾಂಸರೇ ಚರ್ಚಿಸಿದ್ದರು. ಅಂದು ಸಂಶಯದಿಂದ ನೋಡಲಾದ ಉಪಕರಣವು ಇಂದು ಧರ್ಮದ ಗುರುತೇ ಆಗಿಬಿಟ್ಟರೆ ಅದು ಯಾರ ತಪ್ಪು ತಿಳುವಳಿಕೆ?

ಅಷ್ಟಕ್ಕೂ ಅಝಾನ್ ಎಂಬುದು ಎರಡು-ಮೂರು ನಿಮಿಷಗಳ ಕರೆ. ದೂರು ಹೆಚ್ಚಾಗಿ ಬರುವುದು ಅದರ ಬಗ್ಗೆಯಲ್ಲ. ರಾತ್ರಿ 11ರ ವರೆಗೂ ಹೊರಮುಖ ಮಾಡಿದ ಹಾರ್ನ್‌ಗಳಲ್ಲಿ ಸಾಗುವ ಪ್ರವಚನ, ರಮಝಾನ್‌ನಲ್ಲಿ ಸಹರಿಗೆ ಮತ್ತೆ ಮತ್ತೆ ಎಬ್ಬಿಸುವ ಘೋಷಣೆ, ಮೀಲಾದ್ ಮೆರವಣಿಗೆಯ ಅಬ್ಬರ ಮತ್ತು ಮದುವೆ ಮನೆಯ ಮೆಹಂದಿ ರಾತ್ರಿಯ ಹಾಡು- ಇವುಗಳ ಬಗ್ಗೆ. ಇವಾವುವೂ ಅಝಾನ್ ಅಲ್ಲ. ಆದರೆ ಇವುಗಳ ಬಗ್ಗೆ ಯಾರಾದರೂ ಆಕ್ಷೇಪಿಸಿದ ತಕ್ಷಣ ನಾವು ಅಝಾನನ್ನು ಮುಂದಿಟ್ಟು ವಾದಿಸುತ್ತೇವೆ. ಮೆಹಂದಿಯ ಡಿ.ಜೆ.ಯನ್ನು ಸಮರ್ಥಿಸಲು ಬಿಲಾಲ್‌ರನ್ನು(ರ) ನೆನಪಿಸುವುದು ಬಿಲಾಲ್‌ರಿಗೆ(ರ) ಮಾಡುವ ಅಗೌರವ. ಪ್ರವಚನ ಮನೆಯಲ್ಲಿರುವ ಮಹಿಳೆಯರಿಗೂ ಕೇಳಿಸಬೇಕಲ್ಲ ಎಂಬ ಸಮರ್ಥನೆಯೂ ಇದೆ. ಹಾಗಿದ್ದರೆ ಮಸೀದಿಯಲ್ಲಿ ಅವರಿಗೂ ಒಂದು ಕೋಣೆ ಮಾಡಿಕೊಡಬಹುದಲ್ಲ? ಒಳಗೆ ಜಾಗ ಕೊಡದೆ ಹಾರ್ನನ್ನು ಅವರ ಅಡುಗೆಮನೆಯತ್ತ ತಿರುಗಿಸಿಟ್ಟರೆ ಜವಾಬ್ದಾರಿ ಮುಗಿಯುವುದಿಲ್ಲ.

ಇಸ್ಲಾಮ್ ಈ ವಿಷಯದಲ್ಲಿ ಮೌನವಾಗಿಲ್ಲ. ಲುಕ್ಮಾನರು ಮಗನಿಗೆ ನೀಡಿದ ಉಪದೇಶವನ್ನು ಉಲ್ಲೇಖಿಸುವಾಗ ಪವಿತ್ರ ಕುರ್‌ಆನ್ ಧ್ವನಿ ತಗ್ಗಿಸುವ ಪಾಠವನ್ನೂ ಸೇರಿಸಿದೆ. ನಮಾಝಿನಲ್ಲಿ ಅತಿಯಾದ ಏರುಧ್ವನಿಯೂ ಅತಿಯಾದ ಮೆಲುಧ್ವನಿಯೂ ಬೇಡ, ಮಧ್ಯಮ ಮಾರ್ಗ ಹಿಡಿಯಿರಿ ಎಂದು ಅಧ್ಯಾಯ ಬನೀ ಇಸ್ರಾಈಲ್ ಕಲಿಸುತ್ತದೆ. ಪ್ರವಾದಿಯವರು(ಸ) ಮಸೀದಿಯಲ್ಲಿ ಇಅ್‌ತಿಕಾಫ್‌ನಲ್ಲಿದ್ದಾಗ ಕೆಲವರು ಗಟ್ಟಿಯಾಗಿ ಕುರ್‌ಆನ್ ಪಠಿಸುತ್ತಿದ್ದರು. ಪ್ರವಾದಿ(ಸ) ಪರದೆ ಸರಿಸಿ, ನೀವೆಲ್ಲರೂ ನಿಮ್ಮ ಪ್ರಭುವಿನೊಂದಿಗೆ ಸಂಭಾಷಿಸುತ್ತಿದ್ದೀರಿ, ಒಬ್ಬರು ಇನ್ನೊಬ್ಬರಿಗೆ ತೊಂದರೆ ಕೊಡಬೇಡಿ ಎಂಬರ್ಥದಲ್ಲಿ ತಿದ್ದಿದರೆಂದು ಅಬೂದಾವೂದ್‌ನಲ್ಲಿದೆ. ಗಮನಿಸಿ, ಅಲ್ಲಿ ಕೇಳಿಬರುತ್ತಿದ್ದದ್ದು ಕುರ್‌ಆನ್. ಕೇಳುತ್ತಿದ್ದವರು ಸತ್ಯವಿಶ್ವಾಸಿಗಳು. ಆದರೂ ತಿದ್ದಲಾಯಿತು. ಪ್ರವಾದಿ(ಸ) ರಾತ್ರಿ ಮನೆಗೆ ಬಂದಾಗ, ಎಚ್ಚರವಿದ್ದವರಿಗೆ ಕೇಳಿಸುವಂತೆ ಆದರೆ ಮಲಗಿದವರು ಏಳದಂತೆ ಸಲಾಮ್ ಹೇಳುತ್ತಿದ್ದರು ಎಂದು ಮಿಕ್ದಾದ್(ರ) ವರದಿ ಮಾಡಿರುವುದು ಸಹೀಹ್ ಮುಸ್ಲಿಮ್‌ನಲ್ಲಿದೆ. ಶಾಂತಿಯ ಹಾರೈಕೆಯಿಂದಲೂ ಒಬ್ಬರ ನಿದ್ದೆ ಕೆಡಬಾರದೆಂಬ ಎಚ್ಚರಿಕೆ ಅದು. ಯಾರ ಉಪದ್ರವದಿಂದ ನೆರೆಯವನು ಸುರಕ್ಷಿತನಲ್ಲವೋ ಅವನ ವಿಶ್ವಾಸವೇ ಪೂರ್ಣವಲ್ಲ ಎಂದು ಕಲಿಸಿದ ಪ್ರವಾದಿಯವರು(ಸ) ಆ ನೆರೆಯವನ ಧರ್ಮವನ್ನು ಷರತ್ತಾಗಿ ಇಟ್ಟಿರಲಿಲ್ಲ.

ಮುಸ್ಲಿಮರೇ ಬಹುಸಂಖ್ಯಾತರಾಗಿರುವ ದೇಶಗಳೂ ಈ ದಿಕ್ಕಿನಲ್ಲಿ ನಡೆದಿವೆ. ಸೌದಿ ಅರೇಬಿಯವು 2021ರ ಮೇಯಲ್ಲಿ, ಮಸೀದಿಯ ಹೊರಗಿನ ಧ್ವನಿವರ್ಧಕಗಳು ಅಝಾನ್ ಮತ್ತು ಇಕಾಮತ್‌ಗೆ ಮಾತ್ರ ಮೀಸಲೆಂದೂ ಅವುಗಳ ಧ್ವನಿ ಗರಿಷ್ಠ ಸಾಮರ್ಥ್ಯದ ಮೂರನೇ ಒಂದು ಭಾಗವನ್ನು ಮೀರಬಾರದೆಂದೂ ಆದೇಶಿಸಿತು. ಇಂಡೋನೇಶ್ಯವು 2022ರ ಫೆಬ್ರವರಿಯಲ್ಲಿ ಒಳ ಮತ್ತು ಹೊರ ಧ್ವನಿವರ್ಧಕಗಳನ್ನು ಪ್ರತ್ಯೇಕಿಸಬೇಕೆಂದು ಮಸೀದಿಗಳಿಗೆ ಸೂಚಿಸಿ, ಧ್ವನಿಗೂ ಮಿತಿ ನಿಗದಿಪಡಿಸಿತು. ಅಲ್ಲೆಲ್ಲ ಯಾರೂ ಇದನ್ನು ಇಸ್ಲಾಮ್ ವಿರೋಧಿ ಸಂಚು ಎನ್ನುವಂತಿರಲಿಲ್ಲ. ನಮ್ಮಲ್ಲಿ ಸಂಚಿನ ಭಯಕ್ಕೆ ಕಾರಣಗಳಿವೆ, ನಿಜ. ಆದರೆ ನಿಯಮವನ್ನು ನಾವೇ ಮೊದಲು ಪಾಲಿಸಿದ ಕಡೆ ಸಂಚಿಗೆ ಬಳಸಲು ಉಳಿಯುವುದಾದರೂ ಏನು?

ಆದ್ದರಿಂದ ಪ್ರತಿ ಜಮಾಅತ್‌ನ ಆಡಳಿತ ಸಮಿತಿಯೂ ಕೆಲವು ಕೆಲಸಗಳನ್ನು ತಕ್ಷಣ ಮಾಡಬಹುದು. ಮೊದಲನೆಯದಾಗಿ, ಪರವಾನಿಗೆಯನ್ನು ಹುಡುಕಿ ತೆಗೆಯಬೇಕು. 2022ರಲ್ಲಿ ನೀಡಲಾದ ಪರವಾನಿಗೆಯ ಅವಧಿ ಕೇವಲ 2 ವರ್ಷವಾಗಿತ್ತು. ನವೀಕರಿಸದಿದ್ದರೆ ಅದು 2024ರಲ್ಲೇ ಮುಗಿದಿದೆ. ಎರಡನೆಯದಾಗಿ, ಒಳಗಿನ ಮತ್ತು ಹೊರಗಿನ ಧ್ವನಿ ವ್ಯವಸ್ಥೆಗೆ ಬೇರೆ ಬೇರೆ ಸ್ವಿಚ್ ಇರಬೇಕು. ಹೊರಗಿನದ್ದು ಅಝಾನ್ ಮತ್ತು ಮರಣದಂಥ ಅಗತ್ಯ ಪ್ರಕಟಣೆಗೆ ಮಾತ್ರ ಬಳಕೆಯಾಗಲಿ. ಖುತ್ಬಾ, ಪ್ರವಚನ, ದುಆಗಳಿಗೆ ಒಳಗಿನದ್ದು ಸಾಕು. ಸುಬ್‌ಹಿಯ ಅಝಾನ್ 6 ಗಂಟೆಗಿಂತ ಮೊದಲೇ ಬರುವುದರಿಂದ ಅದನ್ನು ಹೊರಗಿನ ಹಾರ್ನ್ ಇಲ್ಲದೆ ನೀಡುವುದೇ ಕಾನೂನಿಗೆ ಹೊಂದುವ ಕ್ರಮ. ಮೂರನೆಯದಾಗಿ, ಒಂದೇ ಪ್ರದೇಶದಲ್ಲಿ ಮೂರು-ನಾಲ್ಕು ಮಸೀದಿಗಳಿದ್ದರೆ ಅವು ಸೇರಿ ಮಾತಾಡಿಕೊಳ್ಳಲಿ. ಒಂದರ ಕರೆ ಎಲ್ಲರಿಗೂ ಕೇಳಿಸುವಾಗ ಉಳಿದವು ಧ್ವನಿ ತಗ್ಗಿಸಬಹುದು. ನಾಲ್ಕನೆಯದಾಗಿ, ನಿಕಾಹ್‌ಗೆ ಜಮಾಅತ್‌ನ ಅನುಮತಿ ಪತ್ರ ನೀಡುವಾಗಲೇ ರಾತ್ರಿ 10ರ ಬಳಿಕ ಮೈಕ್ ಇರಬಾರದೆಂಬ ಷರತ್ತು ವಿಧಿಸಲಿ. ವರದಕ್ಷಿಣೆಯ ವಿರುದ್ಧ ನಿರ್ಣಯ ಕೈಗೊಂಡ ಜಮಾಅತ್‌ಗಳಿಗೆ ಇದು ಕಷ್ಟದ ಕೆಲಸವಲ್ಲ.

ಹಾಗಂತ, ನಿಯಮ ಪಾಲಿಸುವುದೆಂದರೆ ತಲೆತಗ್ಗಿಸಿ ಸುಮ್ಮನಿರುವುದು ಎಂದಲ್ಲ. ನಿಗದಿತ ಮಿತಿಯನ್ನು 10 ಡೆಸಿಬಲ್‌ನಷ್ಟು ಮೀರಿದರೆ ಅಥವಾ ರಾತ್ರಿಯ ನಿರ್ಬಂಧವನ್ನು ಉಲ್ಲಂಘಿಸಿದರೆ ದೂರು ಕೊಡುವ ಹಕ್ಕನ್ನು ಅದೇ ನಿಯಮ ಪ್ರತಿಯೊಬ್ಬನಿಗೂ ನೀಡಿದೆ. ಆಸ್ಪತ್ರೆಯ ಮುಂದೆ ಡಿ.ಜೆ. ನಿಲ್ಲಿಸಿ ಕುಣಿಯುವವರ ವಿರುದ್ಧ, ಪರೀಕ್ಷೆಯ ಹಿಂದಿನ ರಾತ್ರಿ ಬಡಾವಣೆಯನ್ನು ನಡುಗಿಸುವವರ ವಿರುದ್ಧ ನಾವೂ ದೂರು ನೀಡಬೇಕು. ದೂರಿನಲ್ಲಿ ಶಬ್ದದ ಪ್ರಮಾಣ, ಸಮಯ, ಸ್ಥಳ ಇರಲಿ. ಧರ್ಮದ ಹೆಸರು ಬೇಡ. ದೂರು ಮಸೀದಿಯ ವಿರುದ್ಧವಾದರೆ ಓಡಿ ಬರುವ ಪೊಲೀಸರು ಇತರರ ವಿರುದ್ಧವಾದಾಗ ಅಳೆಯುವ ಯಂತ್ರವಿಲ್ಲ ಎಂದು ಕೈಚೆಲ್ಲುವುದಾದರೆ ಅದನ್ನು ಪ್ರಶ್ನಿಸಲೇಬೇಕು. ಕಾನೂನು ಎಲ್ಲರಿಗೂ ಒಂದೇ ಎಂಬುದನ್ನು ಅಧಿಕಾರಿಗಳು ಡೆಸಿಬಲ್ ಮೀಟರ್ ಹಿಡಿದೇ ತೋರಿಸಿಕೊಡಲಿ.

ಆದರೆ ಹಾಗೆ ಪ್ರಶ್ನಿಸುವ ನೈತಿಕ ಶಕ್ತಿ ಬರುವುದು ನಮ್ಮ ಮಿನಾರದ ಹಾರ್ನ್, ನಮ್ಮ ಮದುವೆ ಮನೆಯ ಸ್ಪೀಕರ್ ಮಿತಿಯೊಳಗಿರುವಾಗ ಮಾತ್ರ. ಪಕ್ಕದ ಮನೆಯ ಹಿಂದೂ ಸಹೋದರನ ವೃದ್ಧ ತಂದೆ ಜ್ವರದಿಂದ ಮಲಗಿದ್ದಾರೆಂದು ತಿಳಿದು ಮೆಹಂದಿ ಮನೆಯ ಹಾಡನ್ನು ನಿಲ್ಲಿಸುವ ಯುವಕ, ಯಾವ ಭಾಷಣವೂ ಮಾಡಲಾಗದ ಕೆಲಸವನ್ನು ಆ ರಾತ್ರಿ ಮಾಡಿರುತ್ತಾನೆ. ನಾಳೆ ಅದೇ ಬೀದಿಯಲ್ಲಿ ಅಝಾನ್‌ನ ವಿರುದ್ಧ ಸಹಿ ಸಂಗ್ರಹಿಸಲು ಯಾರಾದರೂ ಬಂದರೆ ಅವರನ್ನು ಬಾಗಿಲಿಂದಲೇ ಮರಳಿ ಕಳುಹಿಸುವವರು ಆ ಮನೆಯವರೇ ಆಗಿರಬಹುದು.